ಸೋಮವಾರದ ಸೂಟಿ

ರೋಣದ ಬಸ್ ನಿಲ್ದಾಣದ ಎದುರಿಗೆ ಗುರುಸಂಗಪ್ಪ ಸಾಹುಕಾರರ ಚಾದಂಗಡಿ ಇತ್ತು. ಅಲ್ಲಿ ಮಿರ್ಚಿ ಕರಿಯುತ್ತಿದ್ದವನು ನಾನು, ಗವಿಸಿದ್ದಪ್ಪ. ಗದಗಿನ ಬಸ್ಸು ಅಲ್ಲಿ ನಿಲ್ಲುವುದೇ ನನ್ನ ಮಿರ್ಚಿಯ ವಾಸನೆಗೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ತಾಲೂಕಿನ ಊರು, ಕಚೇರಿಗೆ ಬಂದವರೂ ಹತ್ತಿ ಮಾರಲು ಬಂದವರೂ ಮಿರ್ಚಿ ಇರಲಿ ಬಿಡಲಿ ಅಲ್ಲೇ ಇಳಿಯಬೇಕು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಮನೆಯಲ್ಲಿ. ಮಗ್ಗ ನನಗೆ ಒಗ್ಗಲಿಲ್ಲ. ನಾನು ನೇಯ್ದ ಸೀರೆಯ ಅಂಚು ನಡೆಯುವ ಎತ್ತು ಉಚ್ಚೆ ಹೊಯ್ದ ಹಾಗೆ ಅತ್ತಿತ್ತ ಹೋಗುತ್ತಿತ್ತು. ಕೊಳ್ಳುವವರು ಸಿಗದೆ ಕೊನೆಗೆ ನಮ್ಮವ್ವನೇ ಅದನ್ನು ಉಟ್ಟಳು. ಅಪ್ಪ ಮಾತ್ರ, "ನೆಟ್ಟಗ ಬರಬೇಕನ್ನೂ ಹಟ ಇಲ್ಲದ ಕೆಲಸ ಒಂದ ಹುಡುಕ್ಕೋ ಮಗನ" ಎಂದು ನನ್ನನ್ನು ಬಸ್ಸು ಹತ್ತಿಸಿದ. ಮೆಣಸಿನಕಾಯಿ ಡೊಂಕಾಗಿದ್ದರೂ ಯಾರೂ ಕೇಳುವುದಿಲ್ಲ. ಹೀಗೆ ನಾನು ಒಲೆಯ ಮುಂದೆ ಬಂದು ನಿಂತೆ.

ನಿಂತವನು ನಿಂತೇ ಇದ್ದೆ. ಮೊದಲ ಬಸ್ಸಿಗೆ ಮುಂಚೆ ಒಲೆ ಹಚ್ಚಬೇಕು, ಕಡೆಯ ಬಸ್ಸು ಹೋದ ಮೇಲೆ ಒಲೆ ಆರಿಸಬೇಕು. ಹಬ್ಬ ಬಂದರೆ ಗಿರಾಕಿ ಹೆಚ್ಚು, ಆಗಂತೂ ಕೈ ಬಿಡುವು ಇಲ್ಲ. ಅಂಗಡಿಯಲ್ಲಿ ಇನ್ನಿಬ್ಬರು ಇದ್ದರು. ಹನಮಂತಪ್ಪ ಗಿರಾಕಿಗಳಿಗೆ ಚಾ, ತಿಂಡಿ ತಂದುಕೊಡುವವನು. ಮಾತು ಕಡಿಮೆ, ಯಾವಾಗಲೂ ನನ್ನ ಕೈಯನ್ನೇ ನೋಡುತ್ತಿದ್ದ. ಭಕ್ತಿಯಿಂದ ನೋಡುತ್ತಾನೆ ಎಂದುಕೊಂಡಿದ್ದೆ. ಇನ್ನೊಬ್ಬಳು ಚೌಡವ್ವ. ಪಾತ್ರೆ ತೊಳೆಯುವುದು, ಖಾರ ಅರೆಯುವುದು ಅವಳ ಕೆಲಸ. ಗಂಡ ಸತ್ತವಳು, ವಯಸ್ಸಿನಲ್ಲಿ ನನಗಿಂತ ಹಿರಿಯಳು. ನಾನು ಅವಳಿಗೆ ಅಕ್ಕ ಎನ್ನುತ್ತಿದ್ದೆ, ಅವಳು ನನಗೆ ತಮ್ಮಾ ಎನ್ನುತ್ತಿದ್ದಳು, ಸಿಟ್ಟು ಬಂದರೆ ಗವಿಸಿದ್ಯಾ ಎನ್ನುತ್ತಿದ್ದಳು.

ಆಗ ನಮ್ಮ ಜಿಲ್ಲೆ ಮುಂಬಯಿ ಸರಕಾರದಲ್ಲಿತ್ತು. ಗದಗಿನ ಬಸ್ಸಿನ ಕಂಡಕ್ಟರ್ ಸುಭಾನಸಾಬ ದಿನಾಲೂ ನಮ್ಮಲ್ಲಿ ಚಾ ಕುಡಿಯುತ್ತಿದ್ದ. ಒಂದು ದಿನ ಅವನ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಬಂದ. ಮರುದಿನ ಸುಭಾನಸಾಬ ಬಂದಾಗ ಕೇಳಿದೆ, "ನಿನ್ನಿ ಎಲ್ಲೆ ಹೋಗಿದ್ದ್ಯೋ ಸಾಬಣ್ಣ? ಜ್ವರ ಬಂದಿತ್ತೇನು?"

"ಜ್ವರ ಯಾಕ ಬರಬೇಕು? ನಿನ್ನಿ ನನ್ನ ಸೂಟಿ. ವಾರಕ್ಕೊಂದ ದಿನ ಐತಿ."

"ಪಗಾರ ಕಡದಾರ?"

"ಯಾಕ ಕಡೀತಾರ? ಕಾಯ್ದೆ ಐತೋ ಮಾರಾಯಾ. ನಿಮಗೂ ಐತಿ. ಅಂಗಡ್ಯಾಗ ದುಡಿಯೋರಿಗೆ, ಹೋಟೆಲ್‌ನ್ಯಾಗ ದುಡಿಯೋರಿಗೆ, ಎಲ್ಲಾರಿಗೂ ವಾರಕ್ಕೊಂದ ಸೂಟಿ. ಗದಗಿನ್ಯಾಗ ಕೊಡಾಕ ಹತ್ತ್ಯಾರ. ನಿಮ್ಮ ಸಾಹುಕಾರ್ರು ಹೇಳಿಲ್ಲೇನು?"

ಹೇಳಿರಲಿಲ್ಲ. ಒಲೆಯ ಹಿಂದಿನಿಂದ ಖಾರ ಅರೆಯುವ ಸದ್ದು ನಿಂತಿತು. ಚೌಡವ್ವ ಕೇಳಿಸಿಕೊಂಡಿದ್ದಳು. ಸುಭಾನಸಾಬ ಹೋದ ಮೇಲೆ ಅವಳು ಕೈ ಒರಸಿಕೊಳ್ಳುತ್ತ ಬಂದು, "ತಮ್ಮಾ, ನೀ ಸಾಹುಕಾರ್ರ ಕೂಡ ಮಾತಾಡು. ನೀ ಹೇಳಿದ್ರ ಕೇಳ್ತಾರ" ಎಂದಳು.

ನೀ ಹೇಳಿದ್ರ ಕೇಳ್ತಾರ ಎಂಬ ಮಾತಿಗೆ ನಾನು ಉಬ್ಬಿದೆ. ಮಿರ್ಚಿ ಕರಿಯುತ್ತಲೇ ಭಾಷಣ ಕಟ್ಟಿದೆ. ನ್ಯಾಯ, ಧರ್ಮ, ಸರಕಾರ ಎಲ್ಲವನ್ನೂ ಅದರಲ್ಲಿ ಹಾಕಿದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ, ಸಾಹುಕಾರರು ರೊಕ್ಕ ಎಣಿಸುತ್ತ ಕೂತಿದ್ದ ಗಲ್ಲೆಯ ಮುಂದೆ ಹೋಗಿ ನಿಂತೆ. ಸಾಹುಕಾರರು ತಲೆ ಎತ್ತಿದರು.

"ಏನಪಾ?"

"ಸೂಟಿ..." ಎಂದೆ. ಮುಂದಿನ ಭಾಷಣ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಯಾಕ, ಮೈಯಾಗ ಆರಾಮಿಲ್ಲೇನು?"

ನಾನು ಹೌದೆನ್ನುವ ಹಾಗೆ ತಲೆ ಆಡಿಸಿದೆ.

"ಹೊಟ್ಟಿ?"

ಅದಕ್ಕೂ ಆಡಿಸಿದೆ. ಸಾಹುಕಾರರು ಕೆಟ್ಟವರಲ್ಲ. ಎದ್ದು ಹೋಗಿ ತಾವೇ ಅಜವಾನ, ಕರಿ ಉಪ್ಪು ಬಿಸಿನೀರಿಗೆ ಹಾಕಿ ತಂದು, ನಾನು ಪೂರ್ತಿ ಕುಡಿಯುವ ತನಕ ಎದುರಿಗೆ ನಿಂತರು. "ಈಗ ಹೋಗು, ಒಲಿ ಆರತೈತಿ" ಎಂದರು. ನಾನು ಹೋದೆ. ಚೌಡವ್ವ ನನ್ನ ಮುಖ ನೋಡಿ, ನನ್ನ ಕೈಯೊಳಗಿನ ಲೋಟ ನೋಡಿದಳು. ಸೀದಾ ಗಲ್ಲೆಗೆ ಹೋದಳು.

"ಸಾಹುಕಾರ್ರ, ಅವಂಗ ಹೊಟ್ಟಿಬ್ಯಾನಿ ಇಲ್ರಿ. ನಮಗ ಮೂರೂ ಮಂದಿಗೆ ವಾರಕ್ಕೊಂದ ಸೂಟಿ ಬೇಕ್ರಿ. ಕಾಯ್ದೆ ಐತಂತ."

"ಕಾಯ್ದೆ ಮುಂಬಯ್ಯಾಗ ಐತಿ ಚೌಡವ್ವಾ. ಮಂದಿಗೆ ಹಸಿವಿ ದಿನಾ ಆಗತೈತಿ. ಹಸಿವಿಗೆ ಸೂಟಿ ಐತೇನು?"

"ಹಸದಾವ್ರು ದಿನಾ ಬರ್ಲಿರಿ. ದಿನಾ ನಾವ ಇರಬೇಕಂತೇನ ಐತಿ?"

ಸಾಹುಕಾರರು ನೋಡೋಣ ಎಂದರು. ಅವರ ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ.

ಅದು ಆಗಿದ್ದು ನನ್ನಿಂದ. ಆದರೆ ಹೇಗೆ ಆಯಿತೆಂದು ಹೇಳಿದರೆ ಯಾರೂ ನನ್ನನ್ನು ಹೊಗಳುವುದಿಲ್ಲ. ಸ್ವಲ್ಪ ದಿನಗಳಾದ ಮೇಲೆ ಒಬ್ಬ ಗೃಹಸ್ಥ ಬಸ್ಸಿನಿಂದ ಇಳಿದು ಬಂದ. ಕೈಯಲ್ಲಿ ಛತ್ರಿ, ತಲೆಯ ಮೇಲೆ ಕರಿ ಟೊಪ್ಪಿಗೆ. ಸಾಹುಕಾರರು ಊಟಕ್ಕೆ ಮನೆಗೆ ಹೋಗಿದ್ದರು. ಆತ ಒಲೆಯ ಹತ್ತಿರದ ಬಾಂಕಿನ ಮೇಲೆ ಕೂತು ಮಿರ್ಚಿ ತಿಂದ. ತಿಂದು, "ಭಾಳ ಚಲೋ ಅದಾವ" ಎಂದ.

ಹೊಗಳಿದವರನ್ನು ನಾನು ಹಾಗೇ ಬಿಡುವುದಿಲ್ಲ. "ಈ ಕೈಗೆ ಹೊಂದಿದ್ದು ಮತ್ತೊಂದ ಕೈಗೆ ಹೊಂದಂಗಿಲ್ರಿ" ಎಂದೆ.

"ದಿನಾ ನೀವ ಕರೀತೀರೇನು?"

"ನಾನ ರೀ. ಮಳಿ ಇರಲಿ, ಬಿಸಲಿರಲಿ, ಹಬ್ಬ ಇರಲಿ, ಒಂದ ದಿನಾನೂ ತಪ್ಪಿಲ್ರಿ."

"ವಾರಕ್ಕೊಂದ ದಿನ ಬಿಡುವು?"

"ನಾ ಬಿಟ್ರ ಅಂಗಡಿ ನಡೀಬೇಕಲ್ರಿ. ಮುಂಜಾನಿ ಮೊದಲನೇ ಬಸ್ಸಿನಿಂದ ಕಡೀ ಬಸ್ಸಿನ ತನಕ ನಾ ಒಬ್ಬನ. ಲಗ್ನಾದ ಮರುದಿನಾನೂ ಇಲ್ಲೇ ಇದ್ನಿ. ಬೇಕಂದ್ರ ಇವರನ್ನ ಕೇಳ್ರಿ."

ಹನಮಂತಪ್ಪ ಹೌದೆಂದ. ಚೌಡವ್ವ ತಾನೂ ಹಾಗೇ ಎಂದಳು. ಆ ಗೃಹಸ್ಥ ಕಿಸೆಯಿಂದ ಪೆನ್ಸಿಲ್ ತೆಗೆದು ಬರೆದುಕೊಳ್ಳತೊಡಗಿದ. ನನ್ನ ಹೆಸರನ್ನು ಎಲ್ಲೋ ಅಚ್ಚು ಹಾಕಿಸುತ್ತಾನೆ ಎಂದುಕೊಂಡು ನಾನು ಅಪ್ಪನ ಹೆಸರನ್ನೂ ಸೇರಿಸಿ ಹೇಳಿದೆ. ಸಾಹುಕಾರರು ಊಟ ಮುಗಿಸಿ ಬಂದಾಗ ಆತ ಎದ್ದು ನಿಂತು, ತಾನು ಅಂಗಡಿ ಮುಂಗಟ್ಟುಗಳ ಇನ್ಸ್‌ಪೆಕ್ಟರ್ ಎಂದು ಹೇಳಿದ. ಒಲೆಯ ಮುಂದೆ ನಿಂತಿದ್ದರೂ ನನಗೆ ಮೈ ತಣ್ಣಗಾಯಿತು.

"ನಿಮ್ಮ ಆಳು ಎಲ್ಲಾ ತಾನ ಹೇಳ್ಯಾನ" ಎಂದು ಇನ್ಸ್‌ಪೆಕ್ಟರ್ ಸಾಹುಕಾರರಿಗೆ ಹೇಳಿದರು. ಮೊದಲ ಸಲ ಎಂದು ಎಚ್ಚರಿಕೆ ಕೊಟ್ಟು, ಯಾರಿಗೆ ಯಾವ ದಿನ ಬಿಡುವು ಎಂದು ಹಲಗೆ ಬರೆಸಿ ಗೋಡೆಗೆ ತೂಗುಹಾಕಬೇಕೆಂದು ಹೇಳಿ ಸಂಜೆಯ ಬಸ್ಸಿಗೆ ಹೋದರು. ಸಾಹುಕಾರರು ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ಚೌಡವ್ವ ಮಾತ್ರ, "ನಿನ್ನ ಬಾಯಿ ಒಮ್ಮೆರ ಉಪಯೋಗಕ್ಕ ಬಂತಲ್ಲೋ ತಮ್ಮಾ" ಎಂದಳು. ಹಲಗೆ ಬಂತು. ನನಗೆ ಸೋಮವಾರ, ಚೌಡವ್ವನಿಗೆ ಬುಧವಾರ, ಹನಮಂತಪ್ಪನಿಗೆ ಶುಕ್ರವಾರ.

ಖರೆ ಹೇಳಬೇಕೆಂದರೆ, ಸೂಟಿ ಸಿಕ್ಕ ಸಂತೋಷಕ್ಕಿಂತ ನಾನಿಲ್ಲದ ಅಂಗಡಿಯ ಗತಿ ಏನಾಗುತ್ತದೆ ಎಂದು ನೋಡುವ ಆಸೆಯೇ ನನಗೆ ದೊಡ್ಡದಾಗಿತ್ತು. ಮೊದಲ ಸೋಮವಾರ ಮನೆಯಲ್ಲಿ ಕೂತೆ. ನನ್ನ ಹೆಂಡತಿ ಕಲ್ಲವ್ವ ಹಗಲು ಹೊತ್ತು ನನ್ನನ್ನು ಮನೆಯಲ್ಲಿ ನೋಡಿದವಳಲ್ಲ. ಕಸ ಗುಡಿಸುವಾಗ ನಾನು ಕೂತಲ್ಲಿಗೆ ಬಂದು, "ಸ್ವಲ್ಪ ಸರೀರಿ" ಎಂದಳು. ಸರಿದೆ. ಅಲ್ಲಿಗೂ ಬಂದು, "ಇಲ್ಲಿಂದೂ ಸರೀರಿ" ಎಂದಳು. ಆಮೇಲೆ, "ಎಲ್ಲೆರ ಹೋಗಿ ಬರೂದಿದ್ರ ಹೋಗಿ ಬರ್ರಿ" ಎಂದಳು. ನನಗೆ ಬೇಕಾಗಿದ್ದೂ ಅದೇ.

ಚಾದಂಗಡಿಯ ಎದುರಿಗೆ, ನಿಲ್ದಾಣದ ಮಗ್ಗುಲಿಗೆ ಟಿಪ್ಪುಸಾಬನ ಹೊಲಿಗೆಯ ಅಂಗಡಿ. ಅಲ್ಲಿ ತೂಗುಹಾಕಿದ ಅಂಗಿಗಳ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಒಲೆಯ ಮುಂದೆ ಹನಮಂತಪ್ಪ ನಿಂತಿದ್ದ. ಕರಿಯುವ ಜಾಲರಿ ಸೌಟನ್ನು ಎಡಗೈಯಲ್ಲಿ ಹಿಡಿದಿದ್ದ. ಅದನ್ನು ನೋಡಿಯೇ ನಾನು ಟಿಪ್ಪುಸಾಬನಿಗೆ, "ಮುಗೀತ ನೋಡು ಇವತ್ತು" ಎಂದೆ.

ಗದಗಿನ ಬಸ್ಸು ಬಂತು. ಜನ ಇಳಿದರು, ಒಳಗೆ ಹೋದರು, ತಿಂದರು. ಯಾರೂ ತಟ್ಟೆ ದೂಡಲಿಲ್ಲ. ಯಾರೂ ಗವಿಸಿದ್ದಪ್ಪ ಎಲ್ಲಿ ಎಂದು ಕೇಳಿದ ಹಾಗೆ ಕಾಣಲಿಲ್ಲ. ಒಬ್ಬ ಎರಡನೆಯ ಸಲ ತರಿಸಿಕೊಂಡ. ಕಚೇರಿಯ ಕಾರಕೂನರೊಬ್ಬರು ಎದ್ದು ಹೊರಟವರು ತಿರುಗಿ ಹೋಗಿ ಮನೆಗೆ ಕಟ್ಟಿಸಿಕೊಂಡರು. ಅವರು ನನ್ನ ಕಾಲದಲ್ಲಿ ಎಂದೂ ಮನೆಗೆ ಕಟ್ಟಿಸಿಕೊಂಡಿರಲಿಲ್ಲ.

"ಟಿಪ್ಪುಸಾಬ, ಹೋಗಿ ಒಂದ ಪ್ಲೇಟ್ ತಗೊಂಬಾ" ಎಂದೆ.

"ನೀನ ಹೋಗಬಾರದೇನು?"

"ಇವತ್ತ ನನ್ನ ಸೂಟಿ."

ಟಿಪ್ಪುಸಾಬ ತಂದ. ನಾನು ಒಂದು ಕಚ್ಚಿದೆ. ಹೊರಗೆ ತೆಳ್ಳಗೆ, ಗರಿಗರಿ. ಒಳಗೆ ಮೆಣಸಿನಕಾಯಿ ಬೆಣ್ಣೆಯ ಹಾಗೆ ಬೆಂದಿತ್ತು. ಎಣ್ಣೆ ಕೈಗೆ ಅಂಟಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ತಿಂದೆ. ಟಿಪ್ಪುಸಾಬ ತಾನೂ ತಿನ್ನುತ್ತ, "ಇವತ್ತ ಭಾರಿ ಆಗ್ಯಾವ ಬಿಡು" ಎಂದ.

"ನಾನ ಕಲಿಸಿದ್ದು" ಎಂದೆ. ನಾನು ಏನೂ ಕಲಿಸಿರಲಿಲ್ಲ.

ಆ ವಾರವೆಲ್ಲ ನನಗೆ ಸಮಾಧಾನವಿರಲಿಲ್ಲ. ಯಾರಾದರೂ ಮಿರ್ಚಿ ಬಾಯಿಗೆ ಹಾಕಿದರೆ ಅವರ ಮುಖ ನೋಡುತ್ತ ನಿಲ್ಲುತ್ತಿದ್ದೆ, ಇತ್ತ ಬಾಣಲೆಯಲ್ಲಿ ಕರಕಾಗುತ್ತಿತ್ತು. ಕಾರಕೂನರು ಬಂದು, "ಸೋಮವಾರದವು ಇಲ್ಲೇನು?" ಎಂದು ಕೇಳಿದ ದಿನ ನಾನು ಉಣ್ಣಲಿಲ್ಲ. ಅದೇ ಸಂಜೆ ಗಲ್ಲೆಯ ಮುಂದೆ ಹೋಗಿ ನಿಂತೆ. ಈ ಸಲ ಮಾತು ಸರಾಗವಾಗಿ ಬಂತು.

"ಸಾಹುಕಾರ್ರ, ನನಗ ಸೂಟಿ ಬ್ಯಾಡ್ರಿ. ಸೋಮವಾರಾನೂ ಬರ್ತೇನಿ. ಅಂಗಡಿ ಮ್ಯಾಲಿನ ಪ್ರೀತಿಗೆ."

ಸಾಹುಕಾರರ ಮುಖ ಅರಳಿತು. ನನ್ನ ಹೆಗಲ ಮೇಲೆ ಕೈ ಇಟ್ಟು, "ನೀ ಇಲ್ಲಂದ್ರ ಈ ಅಂಗಡೀನ ಇಲ್ಲ ಗವಿಸಿದ್ದಪ್ಪ. ನನಗ ಗೊತ್ತೈತಿ" ಎಂದರು. ಇಷ್ಟು ವರ್ಷ ಕಾದಿದ್ದ ಮಾತು. ನಾನು ಕರಗಿ ನೀರಾದೆ. ಮನೆಯ ತನಕ ಕಾಲು ನೆಲಕ್ಕೆ ಹತ್ತಲಿಲ್ಲ.

ಮರುದಿನ ಸಾಹುಕಾರರು ಚೌಡವ್ವನನ್ನೂ ಹನಮಂತಪ್ಪನನ್ನೂ ಕರೆದರು. "ಗವಿಸಿದ್ದಪ್ಪ ತಾನಾಗೇ ಸೂಟಿ ಬ್ಯಾಡ ಅಂದಾನ. ಕಾಯ್ದೆ ಕೊಡು ಅಂತೈತಿ, ನೀವ ಬ್ಯಾಡ ಅಂದ್ರ ನಾ ಏನ ಮಾಡ್ಲಿ? ವಿಚಾರ ಮಾಡ್ರಿ" ಎಂದರು. ಹನಮಂತಪ್ಪ ನೆಲ ನೋಡಿದ. ಚೌಡವ್ವ ನನ್ನನ್ನು ನೋಡಿದಳು.

ಅವಳು ಬಾವಿಯಿಂದ ನೀರು ತರಲು ನನ್ನನ್ನು ಜೊತೆಗೆ ಕರೆದಳು. ಅಲ್ಲಿ ಕೊಡ ಕೆಳಗಿಟ್ಟು ಕೇಳಿದಳು.

"ಗವಿಸಿದ್ಯಾ, ಬುಧವಾರ ನಾ ಎಲ್ಲೆ ಹೋಗಿದ್ನಿ, ಗೊತ್ತೈತೇನು ನಿನಗ?"

"ಇಲ್ಲ."

"ಶಿರೋಳಕ್ಕ ಹೋಗಿದ್ನಿ, ಮಗಳ ಮನಿಗೆ. ಮೊಮ್ಮಗಳು ಹುಟ್ಟಿ ನಡ್ಯಾಕ ಕಲತೈತಿ. ಮೂರಸಂಜಿ ಆದಮ್ಯಾಲ ಹೋಗಿ, ಮಲಗಿದ್ದ ಕೂಸಿನ ಮುಖ ನೋಡಿ, ಹೊತ್ತು ಮೂಡೂಕಿಂತ ಮೊದಲ ಬಂದಬಿಡ್ತಿದ್ನಿ. ಅದಕ್ಕ ನಾ ಯಾರಂತ ಗೊತ್ತಿರಲಿಲ್ಲ. ಬುಧವಾರ ಮೊದಲ ನನ್ನ ನೋಡಿ ಅತ್ತಿತು. ಸಂಜಿಕ್ಕ ನಾ ಹೊಂಟಾಗ ಸೆರಗ ಹಿಡಕೊಂಡ ಅತ್ತಿತು. ನೀ ಸೂಟಿ ಬ್ಯಾಡ ಅಂದ್ಯಲ್ಲ, ಮುಂದಿನ ಬುಧವಾರ ಅದಕ್ಕ ನಾ ಏನ ಹೇಳಿ ಕಳಸಲಿ?"

ನಾನು ಹಗ್ಗ ಹಿಡಿದು ನಿಂತೆ.

"ನಾ ನನ್ನದಷ್ಟ ಬಿಟ್ಟೇನಲ್ಲಕ್ಕಾ..."

"ನಿನ್ನದ ಬಿಟ್ರ ನಮ್ಮದು ಉಳೀತೈತೇನು? ಸಾಹುಕಾರ್ರ ಮಾತು ನೀನೂ ಕೇಳಿದಿ. ಯಾಕ ಬಿಟ್ಟಿ, ಅದನ್ನರ ಹೇಳು."

ಸುಳ್ಳು ಹೇಳಲು ಬಹಳ ಹುಡುಕಿದೆ, ಸಿಗಲಿಲ್ಲ. "ಹನಮ್ಯಾನ ಮಿರ್ಚಿ ನನ್ನವಕ್ಕಿಂತ ಚಲೋ ಆಗ್ಯಾವ" ಎಂದೆ.

ಚೌಡವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನಗು ನಿಲ್ಲಲೇ ಇಲ್ಲ, ಬಾವಿಯ ಕಟ್ಟೆ ಹಿಡಿದುಕೊಂಡು ನಕ್ಕಳು. ಬಯ್ದಿದ್ದರೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಕೊಡ ಎತ್ತುತ್ತ, "ಆತು ಬಿಡು. ಇದಕ್ಕ ಮದ್ದು ನನ್ನ ಹತ್ರ ಐತಿ" ಎಂದಳು.

ಸೋಮವಾರ ಬಂತು. ಸಾಹುಕಾರರ ಮಾತು ಒಂದು ಕಿವಿಯಲ್ಲಿ, ಚೌಡವ್ವನ ಮಾತು ಇನ್ನೊಂದು ಕಿವಿಯಲ್ಲಿ. ಹೋಗಬೇಕೋ ಬೇಡವೋ ನಿರ್ಧರಿಸಲಾಗದೆ, ರೂಢಿಯಾದ ಕಾಲುಗಳು ಕರೆದುಕೊಂಡು ಹೋದಲ್ಲಿಗೆ ಹೋದೆ. ಕಲ್ಲವ್ವ ಮನೆಯಲ್ಲಿರಲಿಲ್ಲ, ನೀರಿಗೆ ಹೋಗಿರಬೇಕು ಎಂದುಕೊಂಡೆ. ಅಂಗಡಿಯ ಬಾಗಿಲಲ್ಲಿ ಚೌಡವ್ವ ಅಡ್ಡ ನಿಂತಿದ್ದಳು.

"ಒಳಗ ಬರಬ್ಯಾಡ. ಸುಭಾನಸಾಬ ಕರ್ಯಾಕ ಹತ್ತ್ಯಾನ, ಅಲ್ಲೆ ಹೋಗು."

ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸು ನಿಂತಿತ್ತು. ಆ ದಿನ ಸುಭಾನಸಾಬ ಅದರ ಕಂಡಕ್ಟರ್. ಬಾಗಿಲಲ್ಲಿ ನಿಂತು, "ಬಾರೋ ಗವಿಸಿದ್ದಣ್ಣ, ನಿನ್ನ ಸಲುವಾಗಿ ಬಸ್ ನಿಂತೈತಿ" ಎಂದ. ಒಳಗೆ ಕಲ್ಲವ್ವ ಕೂತಿದ್ದಳು. ತವರಿನಿಂದ ತಂದಿದ್ದ ಸೀರೆ ಉಟ್ಟಿದ್ದಳು, ಮಡಿಲಲ್ಲಿ ರೊಟ್ಟಿಯ ಗಂಟು ಇತ್ತು.

"ಇದೇನ?" ಎಂದೆ.

"ಚೌಡಕ್ಕ ನಿನ್ನಿ ಸಂಜಿಕ್ಕ ಬಂದಿದ್ರು. ಲಗ್ನಾದಮ್ಯಾಲ ಇಬ್ರೂ ಕೂಡಿ ತವರಿಗೆ ಹೋಗಿಲ್ಲಲ್ಲ, ಕರಕೊಂಡ ಹೋಗು ಅಂದ್ರು" ಎಂದಳು. ಹೇಳುವಾಗ ನನ್ನನ್ನು ನೋಡದೆ ಕಿಟಕಿಯ ಕಡೆ ನೋಡಿದಳು. ಅವಳ ಮುಖದಲ್ಲಿದ್ದ ಸಂಭ್ರಮ ಕಂಡು ನನಗೆ ಇಳಿಯಲು ಮನಸ್ಸಾಗಲಿಲ್ಲ. ಬಸ್ಸು ಹೊರಟಿತು. ಅಂಗಡಿಯ ಮುಂದೆ ಹಾಯುವಾಗ ಹನಮಂತಪ್ಪ ಒಲೆ ಊದುತ್ತಿದ್ದ. ನಾನು ತಲೆ ಬಗ್ಗಿಸಿ ಕೂತೆ.

ಗಜೇಂದ್ರಗಡದಲ್ಲಿ ಅಪ್ಪ, ಅವ್ವ ತೀರಿಹೋದ ಮೇಲೆ ನಮಗೆ ಉಳಿದದ್ದು ಕಲ್ಲವ್ವನ ತವರೊಂದೇ. ಅವಳ ಅಣ್ಣ ಮುದಿಯಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಕಾಲಿಗೆ ನೀರು ಕೊಟ್ಟ. ಅತ್ತೆ ಉಡಚವ್ವನಿಗೆ ಕಣ್ಣು ಮಂಜಾಗಿತ್ತು, ಕಿವಿಯೂ ಅಷ್ಟಕ್ಕಷ್ಟೇ. ಹತ್ತಿರ ಬಂದು ನನ್ನ ಮುಖ ಹಿಡಿದು ನೋಡಿ, "ಅಳಿಯಾರ ಏನ ಉದ್ಯೋಗ ಮಾಡ್ತಾರು?" ಎಂದು ಮಗಳನ್ನು ಕೇಳಿದಳು.

ನಾನು ಗಟ್ಟಿಯಾಗಿ, "ರೋಣದಾಗ ಮಿರ್ಚಿ ಕರೀತೇನ್ರಿ. ಎಲ್ಲಾ ಬಸ್ಸು ಅಲ್ಲೇ ನಿಂದರ್ತಾವು" ಎಂದೆ.

"ಬಸ್ಸು ನಡಸ್ತೀರಿ? ಚಲೋ ಆತು" ಎಂದಳು ಅತ್ತೆ.

ಆ ಓಣಿಯಲ್ಲಿ ಯಾರೂ ನನ್ನ ಮಿರ್ಚಿಯ ಹೆಸರು ಕೇಳಿರಲಿಲ್ಲ. ನನ್ನ ಸೀರೆಯ ಅಂಚು ಮಾತ್ರ ಎಲ್ಲರಿಗೂ ನೆನಪಿತ್ತು. ಮುದಿಯಪ್ಪನ ಹೆಂಡತಿ ತಿಪ್ಪವ್ವ ಮಾತ್ರ ಸ್ವಲ್ಪ ಮರ್ಯಾದೆ ಕೊಟ್ಟು, "ಮನ್ಯಾಗ ಮೆಣಸಿನಕಾಯಿ ಅದಾವು, ಒಂದ ಘಾಣ ಕರದ ತೋರಸ್ರಿ ಅಣ್ಣಾರ" ಎಂದಳು. ನಾನು ತೋಳು ಏರಿಸುತ್ತ ಎದ್ದೆ.

ಕಲ್ಲವ್ವ ನನ್ನ ಅಂಗಿ ಹಿಡಿದು ಕೂರಿಸಿದಳು. "ಇವತ್ತ ಅವರಿಗೆ ಸೂಟಿ ಐತಿ ವೈನಿ. ಕರಿಯಂಗಿಲ್ಲ" ಎಂದಳು. ಮೆಲ್ಲಗೇ ಹೇಳಿದಳು, ಆದರೆ ಸರಕಾರದ ಇನ್ಸ್‌ಪೆಕ್ಟರ್ ಕೂಡ ಅಷ್ಟು ಖಡಕ್ಕಾಗಿ ಹೇಳಿರಲಿಲ್ಲ.

ಊಟವಾದ ಮೇಲೆ ಮುದಿಯಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದ, "ಅಲ್ಲ ಮಾವಾರ, ಇಷ್ಟ ವರ್ಷ ಒಂದ ದಿನಾನೂ ಬಿಡುವು ಇರಲಿಲ್ಲೇನು? ನಮ್ಮ ಮಗ್ಗಕ್ಕೂ ಅಮಾಸಿಗೆ ಸೂಟಿ ಐತಿ. ಕಟ್ಟಿಗಿಗೆ ಇದ್ದದ್ದು ನಿಮಗ ಇರಲಿಲ್ಲಂದ್ರ ಹ್ಯಾಂಗ?"

ಅವನು ಮತ್ತೆ ಮಗ್ಗಕ್ಕೆ ಇಳಿದ. ನಾನು ಪಡಸಾಲೆಯಲ್ಲಿ ಅಡ್ಡಾದೆ. ಲಾಳಿ ಅತ್ತಿಂದಿತ್ತ ಓಡುವ ಸದ್ದು, ಒಳಗೆ ಕಲ್ಲವ್ವ ಅಣ್ಣನ ಹೆಂಡತಿಯೊಡನೆ ಮಾತಾಡುವ ಸದ್ದು. ಅವಳು ಅಷ್ಟು ಮಾತಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ನಗುತ್ತಾಳೆ ಎಂದೂ ಗೊತ್ತಿರಲಿಲ್ಲ. ರೋಣದಲ್ಲಿ ಯಾರೋ ಈಗ ಹನಮಂತಪ್ಪನನ್ನು ಹೊಗಳುತ್ತಿರಬೇಕು ಎಂಬ ಯೋಚನೆ ಬಂತು. ಅದು ಪೂರ್ತಿಯಾಗುವ ಮೊದಲೇ ನಿದ್ದೆ ಬಂತು. ಹಗಲಿನಲ್ಲಿ ನಾನು ಮಲಗಿದ್ದು ಚಿಕ್ಕಂದಿನಲ್ಲಿ ಜ್ವರ ಬಂದಾಗ, ಅದು ಬಿಟ್ಟರೆ ಅವತ್ತೇ.

ಮಂಗಳವಾರ ಗಲ್ಲೆಯ ಮುಂದೆ ಹೋಗಿ ನಿಂತೆ. ಚೌಡವ್ವ ಖಾರ ಅರೆಯುವುದನ್ನು ನಿಲ್ಲಿಸಿದ್ದಳು.

"ನಿನ್ನಿ ಬರ್ತೇನಂದಾಂವ ಬರಲಿಲ್ಲ?" ಎಂದರು ಸಾಹುಕಾರರು.

"ಇಲ್ರಿ. ಸೂಟಿ ಇತ್ರಿ."

"ಬ್ಯಾಡ ಅಂದಿದ್ದಿ?"

"ಈಗ ಬೇಕ್ರಿ. ನನಗೂ ಬೇಕು, ಇವರಿಗೂ ಬೇಕು." ಕಾಲು ನಡುಗುತ್ತಿತ್ತು. ಸಾಹುಕಾರರಿಗೆ ಕಾಣದಿರಲೆಂದು ಗಲ್ಲೆಗೆ ಒತ್ತಿಕೊಂಡು ನಿಂತೆ. ಅದರಿಂದ ಗಲ್ಲೆಯ ಮೇಲಿನ ಬರಣಿಗಳು ಗಡಗಡ ಎಂದವು.

ಸಾಹುಕಾರರು ಬರಣಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಮತ್ತ ಹೊಟ್ಟಿಬ್ಯಾನಿ ಏನು?" ಎಂದರು.

"ಇಲ್ರಿ. ಹೆದರಿಕಿ ರೀ."

ಅವರು ನಕ್ಕರೋ ಬೈದರೋ ಹೇಳುವುದು ಕಷ್ಟ, ಮೂಗಿನಿಂದ ಏನೋ ಸದ್ದು ಬಂತು. ಆಮೇಲೆ ಗೋಡೆಯ ಹಲಗೆಯ ಕಡೆ ಕೈ ತೋರಿಸಿ, "ಬರದದ್ದ ಐತಲ್ಲ, ಅದರಂಗ ಮಾಡ್ರಿ. ನನ್ನ ತಲಿ ತಿನಬ್ಯಾಡ್ರಿ" ಎಂದರು. ಹದಿನೈದು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಬುಧವಾರ ಚೌಡವ್ವ ಶಿರೋಳಕ್ಕೆ ಹೋದಳು. ಶುಕ್ರವಾರ ಹನಮಂತಪ್ಪ ಎಲ್ಲಿಗೆ ಹೋಗುತ್ತಿದ್ದನೋ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೇ ಹನಮಂತಪ್ಪನನ್ನು ಕೇಳಿದೆ, "ಅಷ್ಟ ಗರಿಗರಿ ಹ್ಯಾಂಗ ಬರ್ತಾವೋ?"

"ಹಿಟ್ಟಿಗೆ ಸ್ವಲ್ಪ ಅಕ್ಕಿ ಹಿಟ್ಟ ಹಾಕ್ತೇನಿ ಗವಿಸಿದ್ದಣ್ಣ. ಎಣ್ಣಿ ಕಾಯೂತನಾ ತಡೀತೇನಿ. ನೀ ಗಡಿಬಿಡಿ ಮಾಡ್ತಿ."

"ಅದು ನನಗ ಮೊದಲ ಗೊತ್ತಿತ್ತು" ಎಂದೆ.

"ಹೌದ ಬಿಡಣ್ಣ" ಎಂದ ಹನಮಂತಪ್ಪ.

ಮುಂದಿನ ಸೋಮವಾರ ನರಗುಂದಕ್ಕೆ ಹೋಗಿ ಗುಡ್ಡ ಹತ್ತಿ ಬರೋಣ ಎಂದು ನಾನಂದೆ. ಗುಡ್ಡ ಯಾಕೆ, ಪುರ್ತಗೇರಿಯಲ್ಲಿ ತನ್ನ ಚಿಗವ್ವ ಇದ್ದಾಳೆ ಎಂದು ಕಲ್ಲವ್ವ ಅಂದಳು. ಗುರುವಾರವೇ ಶುರುವಾದ ಈ ಜಗಳ ಶನಿವಾರದ ತನಕ ಮುಗಿಯಲಿಲ್ಲ. ಕೊನೆಗೆ ಪುರ್ತಗೇರಿಗೆ ಹೋದೆವು.